ಬೆಂಗಳೂರೋ ಹೈದರಾಬಾದೋ? ಮೊದಲು ಆಫೀಸಿನ ಗೇಟು ಎಲ್ಲಿದೆ ಹೇಳಿ

ಪ್ರಶ್ನೆ: ನಮ್ಮೂರು ಕಲಬುರಗಿ. ಈ ವರ್ಷ ಇಂಜಿನಿಯರಿಂಗ್ ಮುಗೀತು. ಬೆಂಗಳೂರಿನ ಕಂಪನಿ ವರ್ಷಕ್ಕೆ 9 ಲಕ್ಷ ಅಂದಿದೆ, ಹೈದರಾಬಾದಿನದು 8.2 ಲಕ್ಷ. ಬೆಂಗಳೂರು ವಿಪರೀತ ದುಬಾರಿ, ಹೈದರಾಬಾದಿನಲ್ಲಿ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ಯಾವುದಕ್ಕೆ ಹೋಗಲಿ?

ಉತ್ತರ: ಪ್ರತಿ ವರ್ಷ ಇದೇ ಪ್ರಶ್ನೆ, ಊರಿನ ಹೆಸರು ಮಾತ್ರ ಬೇರೆ. ಬೆಳಗಾವಿಯವರು ಪುಣೆ ಅಂತಾರೆ, ಕೋಲಾರದವರು ಚೆನ್ನೈ ಅಂತಾರೆ. ಆಫೀಸು ಯಾವ ಏರಿಯಾದಲ್ಲಿದೆ, ವಾರಕ್ಕೆ ಎಷ್ಟು ದಿನ ಹೋಗಬೇಕು ಅನ್ನೋದನ್ನ ಮಾತ್ರ ಒಬ್ಬರೂ ಬರೆಯೋದಿಲ್ಲ. ನೀವೂ ಬರೆದಿಲ್ಲ.

ಮೊದಲು ಸಂಬಳ. 9 ಲಕ್ಷವನ್ನು 12ರಿಂದ ಭಾಗಿಸಿ 75 ಸಾವಿರ ಅಂದುಕೊಂಡಿದ್ದರೆ ಆಫರ್ ಲೆಟರಿನ ಕೊನೇ ಪುಟದ ಟೇಬಲ್ ತೆಗೆಯಿರಿ. ಬೇಸಿಕ್ (ಮೂಲ ವೇತನ) 40% ಅಂತಿಟ್ಟುಕೊಳ್ಳಿ, ಅಂದರೆ ತಿಂಗಳಿಗೆ 30,000. ಕಂಪನಿ ಕಟ್ಟುವ ಪಿಎಫ್ ವರ್ಷಕ್ಕೆ 43,200, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ 17,316, ವೇರಿಯಬಲ್ (ಖಾತ್ರಿ ಇಲ್ಲದ ಭಾಗ) 10% ಇದ್ದರೆ 90,000. ಇಷ್ಟೂ 9 ಲಕ್ಷದ ಒಳಗೇ ಇರುತ್ತೆ. ಇದನ್ನು ಕಳೆದು 12ರಿಂದ ಭಾಗಿಸಿ, ತಿಂಗಳಿಗೆ ನಿಮ್ಮ ಪಾಲಿನ ಪಿಎಫ್ 3,600 ಮತ್ತು ವೃತ್ತಿ ತೆರಿಗೆ 200 ಹಿಡಿದ ಮೇಲೆ ತಿಂಗಳಿಗೆ ಕೈಗೆ ಬರೋದು 58,657. ಅದೇ 8.2 ಲಕ್ಷದಲ್ಲಿ ವೇರಿಯಬಲ್ ಇಲ್ಲದಿದ್ದರೆ ಇದೇ ಲೆಕ್ಕಕ್ಕೆ 60,259! ಚಿಕ್ಕ ಆಫರ್‌ನಲ್ಲೇ ತಿಂಗಳ ದುಡ್ಡು ಜಾಸ್ತಿ. ವೇರಿಯಬಲ್ ಬಂದರೆ ವರ್ಷದ ಕೊನೆಗೆ ಬರುತ್ತೆ, ಕಂಪನಿಯ ಮರ್ಜಿ. ಆದಾಯ ತೆರಿಗೆಯ ಚಿಂತೆ ಬಿಡಿ. 2025-26ರಿಂದ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳಲ್ಲ, ಬಾಡಿಗೆ ರಸೀದಿ ಹುಡುಕಿಕೊಂಡು ಓಡಾಡಬೇಕಿಲ್ಲ.

ಇನ್ನು ಆ ‘ಹೈದರಾಬಾದ್ ಅಗ್ಗ’ದ ಕಥೆ. ಇದನ್ನು ಎಷ್ಟು ಸಲ ಹೂತರೂ ಎದ್ದು ಬರುತ್ತೆ.

ಊರೂರಿನ ಖರ್ಚು ಹೋಲಿಸುವ ಪಟ್ಟಿಗಳು ಕೊಡೋದು ಇಡೀ ಊರಿನ ಸರಾಸರಿ. ಅದರಲ್ಲಿ ಲಿಫ್ಟು, ಜಿಮ್ಮು, ಈಜುಕೊಳ ಇರೋ ಮೂರು ಬೆಡ್‌ರೂಮಿನ ಫ್ಲ್ಯಾಟೂ ಸೇರಿರುತ್ತೆ. ನೀವು ಹೋಗೋದು ಪಿಜಿಯ ಇಬ್ಬರ ರೂಮಿಗೆ. ಬೆಂಗಳೂರಿನ ಮಾರತ್‌ಹಳ್ಳಿಯ ಪಿಜಿಗೂ ಹೈದರಾಬಾದಿನ ಗಚ್ಚಿಬೌಲಿಯ ಪಿಜಿಗೂ ದರದಲ್ಲಿ ಹೇಳಿಕೊಳ್ಳುವ ಅಂತರ ಇಲ್ಲ. ಒಂದೇ ಬೀದಿಯ ಎರಡು ಪಿಜಿಗಳ ನಡುವೆ ಅದಕ್ಕಿಂತ ದೊಡ್ಡ ಅಂತರ ಸಿಗುತ್ತೆ.

ಹಾಗಾದರೆ ಬೆಂಗಳೂರು ದುಬಾರಿ ಅನ್ನಿಸೋದು ಯಾಕೆ? ಅಡ್ವಾನ್ಸ್. ಹಿಂದೆ ಇಲ್ಲಿ ಹತ್ತು ತಿಂಗಳ ಬಾಡಿಗೆ ಕೇಳೋದೇ ರೂಢಿ, ಈಗ ಬಹಳ ಕಡೆ ಐದಾರು ತಿಂಗಳಿಗೆ ಇಳಿದಿದೆ. ಹೈದರಾಬಾದಿನಲ್ಲಿ ಸಾಮಾನ್ಯವಾಗಿ ಎರಡೇ. 18,000 ಬಾಡಿಗೆಯ ಮನೆಗೆ ಇಲ್ಲಿ 1,08,000, ಅಲ್ಲಿ 36,000. ಅಂತರ 72,000. ಆದರೆ ಅದು ಖರ್ಚಾದ ದುಡ್ಡಲ್ಲ, ಸಿಕ್ಕಿಹಾಕಿಕೊಂಡ ದುಡ್ಡು. ಬ್ಯಾಂಕಿನಲ್ಲಿಟ್ಟಿದ್ದರೆ 6%ರಂತೆ ವರ್ಷಕ್ಕೆ 4,320 ಬಡ್ಡಿ, ತಿಂಗಳಿಗೆ 360. ಈ ಒಂದು ಬಿರಿಯಾನಿ ದುಡ್ಡಿಗೆ ಊರನ್ನೇ ದುಬಾರಿ ಅಂತ ಕರೀತಿದ್ದೀವಿ. ನಿಜವಾದ ಕಷ್ಟ ಬೇರೆ: ಆ ಲಕ್ಷವನ್ನು ಮೊದಲ ಸಂಬಳಕ್ಕೆ ಮುಂಚೆಯೇ ಹೊಂದಿಸಬೇಕು. ತಿಂಗಳ 20ರ ಆಮೇಲೆ ಸೇರಿದವರ ಸಂಬಳವನ್ನು ಮುಂದಿನ ತಿಂಗಳ ಜೊತೆ ಹಾಕುವ ಕಂಪನಿಗಳೂ ಇವೆ. 45 ದಿನದ ಖರ್ಚು ಕೈಯಲ್ಲಿರಲಿ.

ಒಂದೇ ಊರೊಳಗೂ ಲೆಕ್ಕ ಬದಲಾಗುತ್ತೆ. ಆಫೀಸು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ 2025ರ ಆಗಸ್ಟ್‌ನಲ್ಲಿ ಶುರುವಾದ ಮೆಟ್ರೋದ ಹಳದಿ ಮಾರ್ಗ ಇದೆ, ಆರ್.ವಿ. ರಸ್ತೆಯ ಕಡೆ ರೂಮು ಮಾಡಬಹುದು. ಬೆಳ್ಳಂದೂರಿನಲ್ಲಿದ್ದರೆ ನೇರಳೆ, ಹಸಿರು, ಹಳದಿ ಯಾವ ಮಾರ್ಗವೂ ಗೇಟಿನವರೆಗೆ ಬರಲ್ಲ, ನಡೆದು ಹೋಗುವಷ್ಟು ಹತ್ತಿರವೇ ಇರಬೇಕು. ಹೈದರಾಬಾದೂ ಹಾಗೇ. ಮೆಟ್ರೋದ ನೀಲಿ ಮಾರ್ಗ ರಾಯದುರ್ಗಂನಲ್ಲೇ ಮುಗಿಯುತ್ತೆ, ಕಂಪನಿಗಳು ತುಂಬಿರೋ ಫೈನಾನ್ಶಿಯಲ್ ಡಿಸ್ಟ್ರಿಕ್ಟ್ ಅದರಾಚೆ. ‘ಮೆಟ್ರೋ ಇರೋ ಊರು’ ಅಂತ ಹೋಗಿ ದಿನಾ ಆಟೋಗೆ ಸುರಿಯಬೇಡಿ. ಮ್ಯಾಪ್ ತೆಗೆದು ಮಂಗಳವಾರ ಬೆಳಿಗ್ಗೆ 9:30ಕ್ಕೆ ತಲುಪಬೇಕು ಅಂತ ಹಾಕಿ ನೋಡಿ. ಭಾನುವಾರ ಮಧ್ಯಾಹ್ನ ನೋಡಿ 20 ನಿಮಿಷ ಅಂತ ನಂಬಿ ರೂಮು ಹಿಡಿಯೋದೇ ಎಲ್ಲರೂ ಮಾಡೋ ತಪ್ಪು. 40 ನಿಮಿಷ ದಾಟಿದರೆ ಆ ರೂಮು ಬೇಡ.

ಹಾಗಾಗಿ ಎಚ್‌ಆರ್‌ಗೆ ಮೇಲ್ ಹಾಕಿ: ಕಟ್ಟಡದ ಹೆಸರು, ವಾರಕ್ಕೆ ಎಷ್ಟು ದಿನ, ಶಿಫ್ಟ್ ಯಾವುದು, ರಾತ್ರಿ ಕ್ಯಾಬ್ ಇದೆಯಾ. ಉತ್ತರ ಬರೋವರೆಗೆ ಯಾವುದಕ್ಕೂ ಹೂಂ ಅನ್ನಬೇಡಿ. ಎರಡೂ ಕಡೆ ಕೆಲಸ ಒಂದೇ ಥರದ್ದು, ಗೇಟಿನ ಲೆಕ್ಕವೂ ಸಮ ಅಂತಾದರೆ ಹೈದರಾಬಾದಿಗೆ ಹೋಗಿ. ಕಾರಣ ಅಗ್ಗ ಅಂತಲ್ಲ. ಕಲಬುರಗಿಯಿಂದ ಅದು ಸುಮಾರು 220 ಕಿ.ಮೀ., ಬೆಂಗಳೂರು 600ರ ಹತ್ತಿರ. ಅಪ್ಪನಿಗೆ ಜ್ವರ ಅಂದರೆ ಶುಕ್ರವಾರ ಸಂಜೆ ಹೊರಟು ರಾತ್ರಿ ಊಟಕ್ಕೆ ಮನೇಲಿರಬಹುದು. ನಮ್ಮ ರಾಜ್ಯ ಅಂದಮಾತ್ರಕ್ಕೆ ಬೆಂಗಳೂರು ಹತ್ತಿರ ಆಗಿಬಿಡಲ್ಲ, ಬೀದರಿನವರನ್ನು ಕೇಳಿ.

ನೀವು ಕೇಳಿಲ್ಲ, ಆದರೂ ಹೇಳ್ತೀನಿ: ಯಾವ ಊರಾದರೂ ಮೊದಲ ಎರಡು ತಿಂಗಳು ಪಿಜಿ, ಆಮೇಲೆ ಮನೆ. ಪಿಜಿ ಬಿಡೋಕೆ ತಿಂಗಳ ನೋಟಿಸ್ ಸಾಕಾ, ಅಡ್ವಾನ್ಸ್‌ನಲ್ಲಿ ಮೇಂಟೆನೆನ್ಸ್ ಅಂತ ಎಷ್ಟು ಹಿಡೀತಾರೆ, ಮೊದಲೇ ಬರೆಸಿಕೊಳ್ಳಿ. ಬಾಡಿಗೆ ಮನೆಯ 11 ತಿಂಗಳ ಅಗ್ರಿಮೆಂಟಿನಲ್ಲಿ ‘ಪೇಂಟಿಂಗ್’ ಅನ್ನೋ ಸಾಲು ಹುಡುಕಿ. ಬೆಂಗಳೂರಿನಲ್ಲಿ ಬಿಡುವಾಗ ಒಂದು ತಿಂಗಳ ಬಾಡಿಗೆ ಅದಕ್ಕೇ ಹಾರಿಹೋಗುತ್ತೆ. ವರ್ಷ ತುಂಬೋ ಮೊದಲೇ ಬಿಟ್ಟರೂ ಪೂರ್ತಿ ಹಿಡೀತಾರಾ ಅಂತ ಕೇಳಿ. ಬೀಗದ ಕೈ ಸಿಕ್ಕ ದಿನವೇ, ಸಾಮಾನು ಇಳಿಸೋ ಮೊದಲು, ಗೋಡೆ, ಸ್ವಿಚ್‌ಬೋರ್ಡ್, ಗೀಸರ್, ಸಿಂಕಿನ ಕೆಳಗಿನ ಪೈಪು ಎಲ್ಲದರ ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿ.