ಬ್ಯಾಕ್‌ಹ್ಯಾಂಡ್ ಕೆಡೋದು ಕಾಲಲ್ಲಿ

ಟೆನಿಸ್ ಕಲಿಸಲು ನನ್ನ ಹತ್ತಿರ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ-ಅಮ್ಮ ಹೆಚ್ಚಾಗಿ ಹೇಳುವುದು ಇದೇ ಮಾತು. "ಸರ್, ಇವನ ಬ್ಯಾಕ್‌ಹ್ಯಾಂಡ್ ಒಂಚೂರು ಸರಿ ಮಾಡ್ಕೊಡ್ರಿ. ಮ್ಯಾಚಲ್ಲಿ ಎಲ್ಲಾ ನೆಟ್ಟಿಗೆ ಹೊಡೀತಾನೆ." ಬ್ಯಾಕ್‌ಹ್ಯಾಂಡ್ ಅಂದರೆ ರಾಕೆಟ್ ಹಿಡಿದ ಕೈಯ ಇನ್ನೊಂದು ಬದಿಗೆ ಬಂದ ಬಾಲಿಗೆ ಹೊಡೆಯುವ ಹೊಡೆತ. ಸರಿ ಅಂತ ಹುಡುಗನನ್ನು ನಿಲ್ಲಿಸಿ, ಅವನಿರುವ ಕಡೆಗೇ ನಾಲ್ಕು ಬಾಲ್ ಹಾಕಿದರೆ ನಾಲ್ಕನ್ನೂ ಚೆನ್ನಾಗಿ ಹೊಡೆಯುತ್ತಾನೆ. ಅದೇ ಬಾಲನ್ನು ಮೂರು ಹೆಜ್ಜೆ ಆಚೆ ಹಾಕಿ ನೋಡಿ. ಓಡುತ್ತಾ ಕೈ ಚಾಚಿ, ಮೈ ಒಂದು ಕಡೆ ರಾಕೆಟ್ ಒಂದು ಕಡೆ. ಕೈಗೆ ಬ್ಯಾಕ್‌ಹ್ಯಾಂಡ್ ಗೊತ್ತಿದೆ. ಹೊಡೆಯಬೇಕಾದ ಜಾಗಕ್ಕೆ ಕಾಲು ಅವನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಿಲ್ಲ, ಅಷ್ಟೇ.

ಇನ್ನೊಂದು ಸಲ ಮಗನ ಮ್ಯಾಚ್ ನೋಡಲು ಹೋದಾಗ ಒಂದು ಗೇಮ್ ಪೂರ್ತಿ ಬಾಲ್ ನೋಡಬೇಡಿ. ಅವನ ಹಿಮ್ಮಡಿ ನೋಡಿ. ಎದುರಿನವನು ಬಾಲ್ ಹೊಡೆಯುವ ಹೊತ್ತಿಗೆ ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿದೆಯಾ? ಮಂಡಿ ನೇರ ಇದೆಯಾ? ಹಾಗಿದ್ದರೆ ಆ ಪಾಯಿಂಟಿನಲ್ಲಿ ಮುಂದೇನಾಗುತ್ತದೆ ಅಂತ ಬಾಲ್ ನೆಟ್ ದಾಟುವ ಮೊದಲೇ ಹೇಳಬಹುದು.

ಸ್ವಲ್ಪ ಲೆಕ್ಕ ಹಾಕೋಣ. ಬಾಲ್ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ ಸೆಕೆಂಡಿಗೆ ಸುಮಾರು 28 ಮೀಟರ್ ಆಯಿತು. ಒಂದು ಬೇಸ್‌ಲೈನಿನಿಂದ (ಕೋರ್ಟಿನ ಹಿಂತುದಿಯ ಗೆರೆ) ಇನ್ನೊಂದಕ್ಕೆ ಇರುವುದು 23.77 ಮೀಟರ್. ಗಾಳಿಯಲ್ಲಿ ಬರುತ್ತಾ, ಪುಟಿಯುತ್ತಾ ವೇಗ ಕಡಿಮೆಯಾಗುತ್ತದೆ, ನಿಜ. ಆದರೂ ನಿಮಗೆ ಸಿಗುವುದು ಒಂದು ಸೆಕೆಂಡು, ಒಂದೂಕಾಲು ಸೆಕೆಂಡಿನ ಆಸುಪಾಸು. ಕಣ್ಣು ಕಂಡದ್ದನ್ನು ಮೈಗೆ ಮುಟ್ಟಿಸಲಿಕ್ಕೇ ಅದರಲ್ಲಿ ಐದನೇ ಒಂದು ಭಾಗ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ತಿರುಗಬೇಕು, ಹೋಗಬೇಕು, ನಿಲ್ಲಬೇಕು, ಹೊಡೆಯಬೇಕು. ನೆಲಕ್ಕೆ ಅಂಟಿದ ಹಿಮ್ಮಡಿಯನ್ನು ಎತ್ತಿ, ಮಂಡಿ ಬಗ್ಗಿಸಿ, ಆಮೇಲೆ ಹೊರಡುತ್ತೇನೆ ಅಂದರೆ ಎಲ್ಲಿದೆ ಸಮಯ?

ಅದಕ್ಕೇ ಸ್ಪ್ಲಿಟ್ ಸ್ಟೆಪ್ ಬೇಕು. ಕೋಚಿಂಗಿಗೆ ಹೋಗುವ ಎಲ್ಲ ಮಕ್ಕಳಿಗೂ ಈ ಹೆಸರು ಗೊತ್ತು. ಎರಡೂ ಕಾಲಲ್ಲಿ ಒಂದು ಸಣ್ಣ ಹಾರು, ಅಷ್ಟೇ ತಾನೇ ಅಂತ ಹಾರುತ್ತಾರೆ ಕೂಡ. ಆದರೆ ಯಾವಾಗ ಹಾರಬೇಕು ಅನ್ನುವುದರಲ್ಲೇ ಎಲ್ಲ ಇದೆ. ಎದುರಿನವನ ರಾಕೆಟ್ ಹಿಂದಿನಿಂದ ಮುಂದಕ್ಕೆ ಬರಲು ಶುರುವಾದಾಗ ನೀವು ನೆಲ ಬಿಡಬೇಕು. ಬಾಲ್ ಅವನ ರಾಕೆಟ್ ಬಿಟ್ಟು ಯಾವ ಕಡೆ ಹೊರಟಿತು ಅಂತ ಕಣ್ಣಿಗೆ ಗೊತ್ತಾಗುವ ಹೊತ್ತಿಗೆ ನೀವು ನೆಲ ಮುಟ್ಟುತ್ತಿರಬೇಕು. ಆಗ ಇಳಿಯುವ ಭಾರಕ್ಕೆ ಮೀನಖಂಡ, ತೊಡೆ ಎಳೆದುಕೊಂಡು, ಅದೇ ಎಳೆತ ನಿಮ್ಮನ್ನು ಬೇಕಾದ ಕಡೆಗೆ ತಳ್ಳುತ್ತದೆ. ಬೇಗ ಇಳಿದರೆ ಆ ಎಳೆತ ಸತ್ತುಹೋಗಿ ಮತ್ತೆ ನಿಂತ ಕಾಲೇ ಆಗುತ್ತದೆ. ತಡವಾಗಿ ಹಾರಿದರೆ ಬಾಲ್ ಹೊರಟಾಗ ನೀವಿನ್ನೂ ಗಾಳಿಯಲ್ಲಿರುತ್ತೀರಿ. ಹೆಚ್ಚು ಎತ್ತರವೂ ಬೇಡ. ಬೂಟಿನ ಕೆಳಗೆ ಒಂದೆರಡು ಇಂಚು ಸಂದು ಕಂಡರೆ ಸಾಕು.

ಇಳಿಯುವಾಗ ಮೈ ಹೇಗಿರಬೇಕು ಅಂತ ಕೇಳುತ್ತಾರೆ. ರಶ್ ಇರುವ ಕೆಂಪು ಬಸ್ಸಿನಲ್ಲಿ ಹಿಡಿಯಲು ಕಂಬ ಸಿಗದೆ ನಿಂತವರ ಕಾಲು ಇರುತ್ತದಲ್ಲ, ಹಾಗೆ. ಕಾಲು ಭುಜಕ್ಕಿಂತ ಸ್ವಲ್ಪ ಅಗಲ, ಮಂಡಿ ಸಡಿಲ, ಭಾರ ಪಾದದ ಮುಂಭಾಗದ ಮೇಲೆ.

ಇದನ್ನು ಕಲಿಸಲು ಮೊದಮೊದಲು ನಾನು ರಾಕೆಟ್ಟೇ ಕೊಡುವುದಿಲ್ಲ. ಕೋರ್ಟಿನಲ್ಲಿ ಇಬ್ಬರು ಆಡುತ್ತಿರುತ್ತಾರೆ, ಹೊಸ ಹುಡುಗರು ಬೇಸ್‌ಲೈನಿನ ಹಿಂದೆ ಸಾಲಾಗಿ ನಿಂತಿರುತ್ತಾರೆ. ಎದುರಿನವನು ಬಾಲ್ ಹೊಡೆಯುವ ಪ್ರತಿ ಸಲ ಇವರು ಚಪ್ಪಾಳೆ ತಟ್ಟಬೇಕು. ಮೊದಲ ದಿನ ಚಪ್ಪಾಳೆ ಯಾವಾಗಲೂ ತಡ. ಬಾಲ್ ನೆಟ್ ದಾಟಿದ ಮೇಲೆ ಸದ್ದು ಬರುತ್ತದೆ. ಅಂದರೆ ಅವರು ಬಾಲನ್ನು ಮಾತ್ರ ನೋಡುತ್ತಿದ್ದಾರೆ, ಹೊಡೆಯುವವನ ಭುಜ, ರಾಕೆಟ್ ನೋಡುತ್ತಿಲ್ಲ. ಕೆಲವು ದಿನ ಕಳೆದಾಗ ರಾಕೆಟ್ಟಿನ ಸದ್ದು, ಚಪ್ಪಾಳೆ ಸದ್ದು ಒಂದಾಗುತ್ತವೆ. ಆಮೇಲೆ ಚಪ್ಪಾಳೆ ನಿಲ್ಲಿಸಿ ಕಾಲಿಗೆ ಆ ಕೆಲಸ ಕೊಟ್ಟರೆ ಹಾರು ತಾನಾಗಿ ಹೊತ್ತಿಗೆ ಬರುತ್ತದೆ. ಮನೆಯಲ್ಲಿ ಟಿವಿ ಮುಂದೆಯೂ ಮಾಡಬಹುದು. ಸುಮ್ನೆ ಕೂತು ಮ್ಯಾಚ್ ನೋಡುವ ಬದಲು ಎದ್ದು ನಿಂತು, ಟಿವಿಯಲ್ಲಿ ಆ ಬದಿಯವನು ಹೊಡೆಯುವಾಗಲೆಲ್ಲ ಈ ಬದಿಯವನ ಜೊತೆ ನೀವೂ ಹಾರಿ.

ಹಾರಿ ಇಳಿದ ಮೇಲೆ ಮೊದಲ ಹೆಜ್ಜೆ. ಬಾಲ್ ಹತ್ತಿರದಲ್ಲೇ ಇದ್ದರೆ ಪಕ್ಕಕ್ಕೆ ಸರಿದರೆ ಸಾಕು, ಕಾಲು ಅಡ್ಡ ಹಾಕಬೇಕಿಲ್ಲ. ದೂರ ಇದ್ದರೆ ಸೊಂಟ, ಭುಜ ತಿರುಗಿಸಿ, ಬಾಲಿನಿಂದ ದೂರ ಇರುವ ಕಾಲನ್ನು ಇನ್ನೊಂದು ಕಾಲಿನ ಮುಂದೆ ದಾಟಿಸಿ ಓಡಬೇಕು. ದೂರದ ಬಾಲಿಗೂ ಏಡಿಯಂತೆ ಪಕ್ಕಕ್ಕೇ ಸರಿದು ಹೋಗುವ ಮಕ್ಕಳು ಬಹಳ ಇದ್ದಾರೆ, ಅವರಿಗೆ ಬಾಲ್ ಯಾವತ್ತೂ ಅರ್ಧ ಅಡಿ ದೂರ.

ಒಂದು ಮಾತು ಕ್ಲಬ್ಬಿನಲ್ಲಿ ಬೆಳಿಗ್ಗೆ ಡಬಲ್ಸ್ ಆಡುವ ಹಿರಿಯರಿಗೆ. ತಲೆ ಮೇಲೆ ಲಾಬ್, ಅಂದರೆ ನಿಮ್ಮನ್ನು ದಾಟಿಸಲು ಎತ್ತರಕ್ಕೆ ಹೊಡೆದ ಬಾಲ್, ಬಂದಾಗ ದಯವಿಟ್ಟು ಹಿಂದಿಂದಕ್ಕೆ ಹೆಜ್ಜೆ ಹಾಕಬೇಡಿ. ಹಿಮ್ಮಡಿ ಎಡವಿ ಹಿಂದಕ್ಕೆ ಬಿದ್ದರೆ ಮೊದಲು ನೆಲಕ್ಕೆ ಊರುವುದು ಮುಂಗೈ, ಇಲ್ಲವೇ ತಲೆಯ ಹಿಂಭಾಗ. ಮೊದಲು ಪಕ್ಕಕ್ಕೆ ತಿರುಗಿ, ಕಣ್ಣು ಬಾಲಿನ ಮೇಲಿಟ್ಟು, ಅಡ್ಡ ಹೆಜ್ಜೆಯಲ್ಲಿ ಹೋಗಿ. ತಲುಪಲು ಆಗದಿದ್ದರೆ ಬಿಡಿ, ಒಂದು ಪಾಯಿಂಟ್ ಹೋಗುತ್ತದೆ, ಹೋಗಲಿ.

ಇನ್ನು ಬಾಲಿನ ಹತ್ತಿರ ಬಂದ ಮೇಲಿನ ಕೆಲಸ. ಇಲ್ಲಿ ನನಗೆ ಖೋ-ಖೋ ಆಡಿ ಬಂದ ಮಕ್ಕಳು ನೆನಪಾಗುತ್ತಾರೆ. ನಮ್ಮ ಸುತ್ತಮುತ್ತಲ ಹಳ್ಳಿ ಶಾಲೆಗಳಲ್ಲಿ ಖೋ-ಖೋ, ಕಬಡ್ಡಿ ಆಡದ ಮಗು ಕಡಿಮೆ. ಖೋ-ಖೋದಲ್ಲಿ ಕೂತವರು ಬೆನ್ನ ಹಿಂದೆ 'ಖೋ' ಕೇಳಿದ ಕೂಡಲೇ ಎದ್ದು ಹೊರಡಬೇಕು, ಹೊರಟ ದಿಕ್ಕು ಬದಲಿಸುವ ಹಾಗಿಲ್ಲ. ಹಾಗಾಗಿ ಅವರ ಮೊದಲ ಹೆಜ್ಜೆ ಅದ್ಭುತ. ಅಂಥ ಒಬ್ಬ ಹುಡುಗಿ ನಮ್ಮಲ್ಲಿ ಸೇರಿದಾಗ ಯಾವ ಬಾಲಿಗೂ ತಡವಾಗುತ್ತಿರಲಿಲ್ಲ. ಆದರೆ ಅರ್ಧ ಬಾಲ್ ಹೊರಗೆ ಹೋಗುತ್ತಿತ್ತು. ಗಮನ ಕೊಟ್ಟು ನೋಡಿದರೆ ಅವಳು ಓಡಿದ ವೇಗದಲ್ಲೇ ಬಾಲಿನ ಮೇಲೆ ಹೋಗಿ ಬೀಳುತ್ತಿದ್ದಳು. ಮೊಣಕೈ ಹೊಟ್ಟೆಗೆ ಅಂಟಿಕೊಂಡು, ರಾಕೆಟ್ ಬೀಸಲು ಜಾಗವೇ ಇರುತ್ತಿರಲಿಲ್ಲ. ಖೋ-ಖೋದಲ್ಲಿ ಎದುರಾಳಿಯನ್ನು ಮುಟ್ಟಬೇಕು. ಟೆನಿಸಿನಲ್ಲಿ ಬಾಲಿನಿಂದ ಒಂದು ತೋಳು, ಒಂದು ರಾಕೆಟ್ ದೂರ ನಿಲ್ಲಬೇಕು.

ಅದಕ್ಕೆ ಬೇಕಾದದ್ದು ಪುಟ್ಟ ಹೆಜ್ಜೆಗಳು. ಮೊದಲು ದೊಡ್ಡ ಹೆಜ್ಜೆ, ಬಾಲ್ ಹತ್ತಿರವಾಗುತ್ತಿದ್ದಂತೆ ಚಿಕ್ಕದು, ಇನ್ನೂ ಚಿಕ್ಕದು. ಆ ಹುಡುಗಿಗೆ ನಾನು ಕೊಟ್ಟ ಕೆಲಸ ಒಂದೇ. ಕೊನೆಯ ಮೂರು ಹೆಜ್ಜೆಯ ಸದ್ದು ನನಗೆ ಕೇಳಬೇಕು, 'ಟಕ-ಟಕ-ಟಕ್' ಅಂತ. ಹೊಡೆತ ಹೇಗೆ ಬಂತು ಅಂತ ನಾನು ಹೇಳಲೇ ಇಲ್ಲ, ಸದ್ದು ಬಂತಾ ಇಲ್ಲವಾ ಅಂತ ಮಾತ್ರ ಹೇಳುತ್ತಿದ್ದೆ. ಸದ್ದು ಬಂದಾಗ ಅವಳು ಬಾಲಿನ ಪಕ್ಕ ನಿಂತು ಹೊಡೆಯುತ್ತಿದ್ದಳು, ಬರದಿದ್ದಾಗ ಮೇಲೆ ಬೀಳುತ್ತಿದ್ದಳು. ಕೈಯ ಬಗ್ಗೆ ಒಂದು ಮಾತೂ ಆಡದೆ ಫೋರ್‌ಹ್ಯಾಂಡ್ (ರಾಕೆಟ್ ಹಿಡಿದ ಕೈಯ ಬದಿಯ ಹೊಡೆತ) ಕೋರ್ಟಿನ ಒಳಗೆ ಬೀಳಲು ಶುರುವಾಯಿತು. ಆಷಾಢದ ಗಾಳಿಗೆ ಬಾಲ್ ಕೊನೇ ಗಳಿಗೆಯಲ್ಲಿ ಅತ್ತಿತ್ತ ಸರಿಯುತ್ತದಲ್ಲ, ಆಗಲೂ ಕಾಪಾಡುವುದು ಈ ಪುಟ್ಟ ಹೆಜ್ಜೆಗಳೇ.

ಹೊಡೆದಾಯಿತು. ಈಗ ಎಲ್ಲಿಗೆ ಹೋಗಬೇಕು? ಎಲ್ಲರೂ ಬೇಸ್‌ಲೈನಿನ ನಡುವೆ ಇರುವ ಆ ಚಿಕ್ಕ ಗೆರೆಗೆ ಓಡುತ್ತಾರೆ. ಕೋಚ್‌ಗಳೂ 'ಸೆಂಟರ್, ಸೆಂಟರ್' ಅಂತ ಕೂಗುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ನೀವು ನಿಲ್ಲಬೇಕಾದ ಜಾಗವನ್ನು ನೀವು ಕಳಿಸಿದ ಬಾಲ್ ಹೇಳುತ್ತದೆ. ಬಲಗಡೆ ಮೂಲೆಯಿಂದ ಕ್ರಾಸ್‌ಕೋರ್ಟ್ (ಓರೆಯಾಗಿ ಆಚೆ ಮೂಲೆಗೆ) ಹೊಡೆದಿರಿ ಅಂದುಕೊಳ್ಳಿ. ಬಾಲ್ ಈಗ ನೆಟ್ಟಿನ ಆಚೆ, ನಿಮ್ಮ ಎಡಗಣ್ಣಿನ ಕಡೆಯ ಮೂಲೆಯಲ್ಲಿದೆ. ಅಲ್ಲಿಂದ ಎದುರಿನವನು ಮತ್ತೆ ಕ್ರಾಸ್ ಹೊಡೆದರೆ ಬಾಲ್ ನಿಮ್ಮ ಬಲಗಡೆ ಕೋರ್ಟಿನಿಂದ ಆಚೆ ಎಳೆದುಕೊಂಡು ಹೋಗುತ್ತದೆ, ನೇರ ಹೊಡೆದರೆ ನಿಮ್ಮ ಎಡಗಡೆ ಗೆರೆಯೊಳಗೇ ಬೀಳುತ್ತದೆ. ಈ ಎರಡರ ನಡುಭಾಗ ಸೆಂಟರ್ ಗೆರೆಯ ಮೇಲಿಲ್ಲ, ಅದರಿಂದ ಒಂದು ಹೆಜ್ಜೆ ಬಲಕ್ಕಿದೆ. ಅಲ್ಲೇ ನಿಲ್ಲಿ. ಅದೇ ಬಲ ಮೂಲೆಯಿಂದ ಡೌನ್ ದ ಲೈನ್, ಅಂದರೆ ಪಕ್ಕದ ಗೆರೆಯ ಉದ್ದಕ್ಕೆ ನೇರವಾಗಿ, ಹೊಡೆದಿದ್ದರೆ ಲೆಕ್ಕ ತಿರುಗಿತು. ಸೆಂಟರ್ ಗೆರೆ ದಾಟಿ ಎಡಕ್ಕೆ ಒಂದು ಹೆಜ್ಜೆ ಹೋಗಬೇಕು. ಅಂದರೆ ಓಡಬೇಕಾದ ದೂರ ಜಾಸ್ತಿ, ಸಿಗುವ ಸಮಯ ಕಡಿಮೆ.

ಹಾಗಾಗಿ ಯಾವ ಹೊಡೆತ ಹೊಡೀಬೇಕು ಅನ್ನುವುದೂ ಕಾಲಿನ ವಿಷಯವೇ. ತಡವಾಗಿ ತಲುಪಿದ್ದೀರಾ, ಮೈ ವಾಲಿದೆಯಾ, ಕ್ರಾಸ್ ಹೊಡೆಯಿರಿ. ಸಿಂಗಲ್ಸ್ ಕೋರ್ಟಿನ ಅಗಲ 8.23 ಮೀಟರ್, ಕರ್ಣದ ಉದ್ದಕ್ಕೆ ಹೊಡೆದರೆ ನೇರಕ್ಕಿಂತ ಸುಮಾರು 1.4 ಮೀಟರ್ ಜಾಗ ಹೆಚ್ಚು ಸಿಗುತ್ತದೆ. ನೆಟ್ ಕೂಡ ಕಂಬದ ಹತ್ತಿರ 1.07 ಮೀಟರ್ ಇದ್ದರೆ ಕ್ರಾಸ್ ಬಾಲ್ ದಾಟುವ ನಡುಭಾಗದಲ್ಲಿ 0.914 ಮೀಟರ್ ಮಾತ್ರ. ತಿರುಗಿ ಬರುವ ದಾರಿಯೂ ಹತ್ತಿರ. ಡೌನ್ ದ ಲೈನ್ ಹೊಡೆಯುವುದು ಕಾಲು ಗಟ್ಟಿಯಾಗಿ ನೆಲದ ಮೇಲಿದ್ದಾಗ, ಎದುರಿನವನು ಆಚೆ ಹೋಗಿರುವಾಗ.

ಅಷ್ಟು ದೂರ ವಾಪಸ್ ಬರುವುದರೊಳಗೆ ಎದುರಿನವನು ಹೊಡೆಯಲು ರೆಡಿಯಾದರೆ? ಎಲ್ಲಿದ್ದೀರೋ ಅಲ್ಲೇ ನಿಂತು ಸ್ಪ್ಲಿಟ್ ಸ್ಟೆಪ್ ಹಾಕಿ. ನಡುವಿಗೆ ತಲುಪಲೇಬೇಕು ಅಂತ ಓಡುತ್ತಲೇ ಇದ್ದರೆ ಅವನು ನೀವು ಬಿಟ್ಟುಬಂದ ಕಡೆಗೇ ಹೊಡೆಯುತ್ತಾನೆ, ನಿಮ್ಮ ಭಾರವೆಲ್ಲ ಈ ಕಡೆ ಬರುತ್ತಿರುತ್ತದೆ. ಜಾಗ ಸ್ವಲ್ಪ ತಪ್ಪಾಗಿದ್ದರೂ ನಿಂತಿರುವ ಆಟಗಾರ, ಸರಿಯಾದ ಜಾಗದ ಕಡೆಗೆ ಓಡುತ್ತಿರುವ ಆಟಗಾರನಿಗಿಂತ ಮೇಲು. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ತಮ್ಮ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ಡಬಲ್ಸಿನಲ್ಲಿ ವಿಶ್ವದ ನಂಬರ್ ಒನ್ ಆದರು. ಆ ವಯಸ್ಸಿನಲ್ಲಿ ಇಪ್ಪತ್ತರ ಹುಡುಗರನ್ನು ಓಟದಲ್ಲಿ ಸೋಲಿಸಲು ಆಗುವುದಿಲ್ಲ. ಬಾಲ್ ಬರುವ ಮೊದಲೇ ಸರಿಯಾದ ಜಾಗದಲ್ಲಿ ನಿಂತಿರಲು ಆಗುತ್ತದೆ.

"ಹಾಗಾದ್ರೆ ದಿನಾ ಕುಂದವಾಡ ಕೆರೆ ಸುತ್ತ ಓಡಿಸ್ತೀನಿ ಸರ್" ಅನ್ನುವ ಅಪ್ಪಂದಿರಿದ್ದಾರೆ. ಓಡಿಸಿ, ಉಸಿರಿಗೆ ಒಳ್ಳೆಯದು. ಆದರೆ ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಓಡುವುದರಿಂದ ಕೋರ್ಟಿನ ಓಟ ಬರುವುದಿಲ್ಲ. ಟೆನಿಸಿನಲ್ಲಿ ಒಂದು ಹೊಡೆತಕ್ಕೆ ಓಡುವುದು ಬಹಳ ಸಲ ಮೂರು-ನಾಲ್ಕು ಮೀಟರ್, ತಕ್ಷಣ ನಿಲ್ಲಬೇಕು, ಮತ್ತೆ ಈ ಕಡೆಗೆ. ನೆಲದ ಮೇಲೆ ಏಣಿ ಹಾಸಿ ಕುಣಿಸುವ ಲ್ಯಾಡರ್ ವಿಡಿಯೊಗಳೂ ಈಗ ಎಲ್ಲರ ಫೋನಿನಲ್ಲಿವೆ. ಮೈ ಬಿಸಿ ಮಾಡಲು ಅಡ್ಡಿಯಿಲ್ಲ. ಆದರೆ ಅಲ್ಲಿ ಮುಂದಿನ ಹೆಜ್ಜೆ ಎಲ್ಲಿ ಅಂತ ಮೊದಲೇ ಗೊತ್ತಿರುತ್ತದೆ, ಕಣ್ಣು ನೆಲ ನೋಡುತ್ತಿರುತ್ತದೆ. ಮ್ಯಾಚಿನಲ್ಲಿ ಹಾಗಿರುವುದಿಲ್ಲ.

ಅದರ ಬದಲು ಮನೆ ಮುಂದೆ ಇದನ್ನು ಮಾಡಿ. ನೀವು ಎರಡೂ ಕೈಯಲ್ಲಿ ಒಂದೊಂದು ಬಾಲ್ ಹಿಡಿದು, ತೋಳು ಅಗಲಿಸಿ ಭುಜದ ಎತ್ತರಕ್ಕೆ ಚಾಚಿ. ಮಗು ಮೂರು ಹೆಜ್ಜೆ ದೂರದಲ್ಲಿ ನಿಂತಿರಲಿ. ಯಾವ ಕೈ ಅಂತ ಹೇಳದೆ ಒಂದು ಬಾಲ್ ಬಿಡಿ. ಎರಡನೇ ಸಲ ಪುಟಿಯುವ ಮೊದಲು ಅದನ್ನು ಹಿಡಿಯಬೇಕು. ಸುಲಭವಾದರೆ ಒಂದು ಹೆಜ್ಜೆ ಹಿಂದೆ ಸರಿಸಿ. ನೋಡುವುದು, ತೀರ್ಮಾನ ಮಾಡುವುದು, ಹೊರಡುವುದು ಮೂರೂ ಇದರಲ್ಲಿದೆ. ಹತ್ತು ನಿಮಿಷ ಸಾಕು, ಜೊತೆಗೆ ಸ್ವಲ್ಪ ಸ್ಕಿಪ್ಪಿಂಗ್.

ನೆಲದ ಬಗ್ಗೆಯೂ ಹೇಳಬೇಕು. ಮಣ್ಣಿನ ಕೋರ್ಟಿನಲ್ಲಿ ಬಾಲ್ ನಿಧಾನ, ಕಾಲು ಜಾರುತ್ತದೆ. ಅಲ್ಲಿ ಜಾರುವುದೇ ವಿದ್ಯೆ. ಆದರೆ ಜಾರಿಕೊಂಡು ಬಂದು ಹೊಡೆಯಬೇಕು, ಹೊಡೆದ ಮೇಲೆ ಜಾರಿದರೆ ತಿರುಗಿ ಬರುವ ದಾರಿ ಇನ್ನೂ ಉದ್ದವಾಯಿತು. ಮಣ್ಣಿನ ಕೋರ್ಟಿನಲ್ಲೇ ನಡೆಯುವ ಫ್ರೆಂಚ್ ಓಪನ್ ಅನ್ನು 14 ಸಲ ಗೆದ್ದ ನಡಾಲ್ ಆಟವನ್ನು ನಿಧಾನ ಮಾಡಿ ನೋಡಿದರೆ ಇದು ಗೊತ್ತಾಗುತ್ತದೆ. ಜೊಕೊವಿಚ್ ಗಟ್ಟಿ ನೆಲದ ಹಾರ್ಡ್ ಕೋರ್ಟಿನಲ್ಲೂ ಜಾರುತ್ತಾರೆ, ಮಕ್ಕಳು ಅದನ್ನು ಇಲ್ಲಿ ಧೂಳು ಕೂತ ಸಿಮೆಂಟ್ ಕೋರ್ಟಿನಲ್ಲಿ ಮಾಡಲು ಹೋಗುತ್ತಾರೆ. ಬೇಡ. ನಮ್ಮ ಬೇಸಿಗೆಯ ಧೂಳಿನಲ್ಲಿ ಆಡುವ ಮೊದಲು ಬೇಸ್‌ಲೈನಿನ ಹತ್ತಿರ ಒಂದು ಸಲ ಗುಡಿಸಿಕೊಳ್ಳಿ.

ಬೂಟಿನ ವಿಷಯದಲ್ಲಿ ನಾನು ಹಟಮಾರಿ. ಹನ್ನೆರಡು ಸಾವಿರದ ರಾಕೆಟ್ ಕೊಡಿಸಿ, ಕಾಲಿಗೆ ಓಡುವ ಶೂ ಹಾಕಿಸಿ ಕಳಿಸುತ್ತಾರೆ. ಓಡುವ ಶೂ ಮುಂದಕ್ಕೆ ಹೋಗಲಿಕ್ಕೆ ಮಾಡಿದ್ದು. ಹಿಮ್ಮಡಿ ಎತ್ತರ, ಮೆತ್ತಗೆ. ಪಕ್ಕಕ್ಕೆ ಜೋರಾಗಿ ನಿಂತಾಗ ಪಾದ ಹೊರಕ್ಕೆ ಮಗುಚಿ ಕಣಕಾಲು ಉಳುಕುತ್ತದೆ. ಒಮ್ಮೆ ಉಳುಕಿದ ಮಗು ಆಮೇಲೆ ತಿಂಗಳುಗಟ್ಟಲೆ ಆ ಕಡೆಗೆ ಧೈರ್ಯವಾಗಿ ಹೋಗುವುದೇ ಇಲ್ಲ. ರಾಕೆಟ್ ಅರ್ಧ ಬೆಲೆಯದ್ದಾದರೂ ಪರವಾಗಿಲ್ಲ, ಟೆನಿಸ್ ಶೂ ಕೊಡಿಸಿ. ತಳ ಸವೆದರೆ ಬದಲಿಸಿ.

ಕೊನೆಗೆ, ಚಿಕ್ಕ ಮಕ್ಕಳ ಅಪ್ಪ-ಅಮ್ಮಂದಿರಿಗೆ. ಏಳೆಂಟು ವರ್ಷದ ಮಗುವಿಗೆ ದೊಡ್ಡವರ ಹಳದಿ ಬಾಲ್ ಕೊಟ್ಟು ಪೂರ್ತಿ ಕೋರ್ಟಿನಲ್ಲಿ ನಿಲ್ಲಿಸಿದರೆ ಅದು ಕಲಿಯುವುದು ಹಿಂದಕ್ಕೆ ಓಡುವುದನ್ನು ಮಾತ್ರ. ಬಾಲ್ ತಲೆಗಿಂತ ಮೇಲೆ ಪುಟಿಯುತ್ತದೆ, ಪಾಪ ಇನ್ನೇನು ಮಾಡೀತು? ಮಕ್ಕಳಿಗೆಂದೇ ಬೇರೆ ಬಣ್ಣದ, ನಿಧಾನದ ಬಾಲ್ ಇವೆ. ಕೆಂಪು ಬಾಲ್ ಹಳದಿಗಿಂತ ಶೇ 75ರಷ್ಟು ನಿಧಾನ, ಕಿತ್ತಳೆ ಶೇ 50, ಹಸಿರು ಶೇ 25. ಹತ್ತು ವರ್ಷದೊಳಗಿನ ಮಕ್ಕಳ ಟೂರ್ನಿಗಳಲ್ಲಿ ಹಳದಿ ಬಾಲ್ ಬಳಸಬಾರದು ಅಂತ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದಲೇ ನಿಯಮ ಮಾಡಿದೆ. ನಿಧಾನದ ಬಾಲ್, ಚಿಕ್ಕ ಕೋರ್ಟ್ ಇದ್ದರೆ ಮಗು ಮುಂದಕ್ಕೆ ಹೆಜ್ಜೆ ಇಟ್ಟು, ಸೊಂಟದ ಎತ್ತರದಲ್ಲಿ ಹೊಡೆಯುತ್ತದೆ. ನಿಮ್ಮ ಕೋಚ್ ಹತ್ತಿರ ಕೆಂಪು ಬಾಲ್ ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಒಂದು ಡಜನ್ ತರಿಸಿ ಕೊಡಿ.