ಹಳ್ಳದ ಕಪ್ಪು ನೊಣ ಕಚ್ಚಿದರೆ ಕಣ್ಣು ಹೋಗುತ್ತಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಂಚಿನಲ್ಲೇ ಹಳ್ಳ ಹರಿಯುತ್ತದೆ. ಅಲ್ಲಿ ಸಣ್ಣ ಕಪ್ಪು ನೊಣ ಕಾಲಿಗೆ ಕಚ್ಚಿ ದಿನಗಟ್ಟಲೆ ತುರಿಕೆ. ಆಫ್ರಿಕಾದಲ್ಲಿ ಇಂಥ ನೊಣ ಕಚ್ಚಿ ಜನ ಕುರುಡರಾಗುತ್ತಾರೆ ಅಂತ ಮಗ ಮೊಬೈಲಿನಲ್ಲಿ ತೋರಿಸಿದ. ನಮಗೂ ಆ ಭಯ ಇದೆಯಾ?

ಉತ್ತರ: ಇಲ್ಲ, ಆ ಭಯ ಬೇಡ. ನಿಮ್ಮ ಮಗ ಓದಿದ್ದು ಸುಳ್ಳಲ್ಲ. ಆದರೆ ಆ ಕಾಯಿಲೆ ನಮ್ಮ ದೇಶದಲ್ಲಿ ಇಲ್ಲ.

ಅದಕ್ಕೆ ನದಿ ಕುರುಡು ಅನ್ನುತ್ತಾರೆ. ಕಣ್ಣು ತೆಗೆಯುವುದು ನೊಣ ಅಲ್ಲ, ನೊಣ ಹೊತ್ತು ತರುವ ಒಂದು ಜಾತಿಯ ಹುಳ. ಹೆಣ್ಣು ಹುಳ ಚರ್ಮದ ಕೆಳಗೆ ಗಂಟು ಕಟ್ಟಿಕೊಂಡು ಹತ್ತು ಹದಿನೈದು ವರ್ಷ ಬದುಕುತ್ತದೆ. ಅದರ ಮರಿಗಳು ಮೈಯೆಲ್ಲ ಹರಿದಾಡಿ ಕಣ್ಣಿಗೂ ಬರುತ್ತವೆ. ಅಲ್ಲಿ ಸತ್ತಾಗ ಉರಿಯೂತ ಆಗಿ, ವರ್ಷ ಕಳೆದಂತೆ ದೃಷ್ಟಿ ಹೋಗುತ್ತದೆ. ರೋಗಿಗಳಲ್ಲಿ ನೂರಕ್ಕೆ 99 ಜನ ಆಫ್ರಿಕಾದವರು. ಈ ಜಾತಿಯ ನೊಣ ಹರಿಯುವ ನೀರಲ್ಲೇ ಬೆಳೆಯುವುದರಿಂದ ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಕಪ್ಪು ನೊಣ ಇದೆ. ಆ ಹುಳ ಮಾತ್ರ ಇಲ್ಲಿಲ್ಲ. ಹಾಗಾಗಿ ನಿಮಗೆ ತುರಿಕೆ, ಊತ, ಅಷ್ಟೇ. (ಮಲೆನಾಡಿನಲ್ಲಿ ಹೆದರಬೇಕಾದದ್ದು ಉಣುಗಿಗೆ. ಮಂಗನ ಕಾಯಿಲೆ ತರುವುದು ಅದು. ಆ ವಿಷಯ ಬೇರೆ.)

ಆಫ್ರಿಕಾದಲ್ಲೂ ಈಗ ಕಾಲ ಬದಲಾಗುತ್ತಿದೆ. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಐವರ್ಮೆಕ್ಟಿನ್ ಔಷಧಿ ಬಂತು. 1987ರಿಂದ ಮೆರ್ಕ್ ಕಂಪನಿ ಅದನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಮಾತ್ರೆ ಮರಿಗಳನ್ನು ಕೊಲ್ಲುತ್ತದೆ, ದೊಡ್ಡ ಹುಳವನ್ನಲ್ಲ. ಅದಕ್ಕೇ ಊರಿಗೆ ಊರೇ ವರ್ಷ ವರ್ಷವೂ ನುಂಗಬೇಕು. 2025ರಲ್ಲಿ ನೈಜರ್ ಈ ಕಾಯಿಲೆಯಿಂದ ಪೂರ್ತಿ ಬಿಡುಗಡೆಯಾದ ಮೊದಲ ಆಫ್ರಿಕನ್ ದೇಶವಾಯಿತು. ನಮ್ಮ ದೇಶದಲ್ಲಿ ಹಾಗೆ ಕಣ್ಣು ತೆಗೆಯುತ್ತಿದ್ದದ್ದು ಟ್ರಕೋಮಾ. ರೆಪ್ಪೆ ಒಳಮಗ್ಗುಲಿಗೆ ತಿರುಗಿ, ಕೂದಲು ಕಣ್ಣಿಗೇ ಉಜ್ಜುವ ಕಾಯಿಲೆ. ಅದೂ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು.

ಹಾಗಾದರೆ ನಿಮ್ಮ ತೋಟದಲ್ಲಿ ಕಣ್ಣಿಗೆ ಅಪಾಯ ಯಾವುದರಿಂದ? ಕಡ್ಡಿಯಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದಕ್ಕೆ ಯಾರೂ ಹೆದರುವುದಿಲ್ಲ.

ಚಿಗುರು ತೆಗೆಯುವಾಗ ಬಗ್ಗಿಸಿದ ರೆಕ್ಕೆ (ಕಾಫಿ ಗಿಡದ ಅಡ್ಡಕೊಂಬೆ) ಕೈತಪ್ಪಿ ಚಿಮ್ಮುತ್ತದೆ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಮೇಲಿಂದ ಪುಡಿ ಉದುರುತ್ತದೆ. ಗದ್ದೆಯಲ್ಲಾದರೆ ಭತ್ತದ ಗರಿ ಸಾಕು. ಕರಿಗುಡ್ಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತದೆ. ಎಲೆ, ಮಣ್ಣಿನಲ್ಲಿರುವ ಬೂಷ್ಟು ಆ ಗೀರಿನೊಳಗೆ ಇಳಿಯುತ್ತದೆ. ಮೊದಲೆರಡು ದಿನ ಚುಚ್ಚಿದಂತಾಗಿ ನೀರು ಸುರಿಯುತ್ತದೆ, ಅಷ್ಟೇ ಅನ್ನಿಸುತ್ತದೆ. ಆಮೇಲೆ ಬೆಳಕು ನೋಡಲಾಗುವುದಿಲ್ಲ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಏಳುತ್ತದೆ. ಅದು ಹುಣ್ಣು. ವಾಸಿಯಾದರೂ ಕಲೆ ಉಳಿಯುತ್ತದೆ. ಕಲೆ ಪಾಪೆಗೆ ಅಡ್ಡ ಬಂದರೆ ಆ ಕಣ್ಣು ಕಾಣುವುದಿಲ್ಲ.

ಇಷ್ಟರಲ್ಲಿ ಕೂಲಿಯವರ ಲೈನ್ ಮನೆಯಲ್ಲಿ ಏನೇನು ನಡೆದಿರುತ್ತದೆ ಗೊತ್ತಲ್ವಾ? ಒಬ್ಬರು ಎದೆಹಾಲು ಬಿಡುತ್ತಾರೆ, ಒಬ್ಬರು ಸೊಪ್ಪಿನ ರಸ. ಕೊನೆಗೆ ಮೆಡಿಕಲ್ ಶಾಪಿನಿಂದ ಒಂದು ಡ್ರಾಪ್ಸ್. ನನಗೆ ಜಾಸ್ತಿ ಭಯ ಈ ಡ್ರಾಪ್ಸಿನದೇ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಉರಿ, ಕೆಂಪು ಕಡಿಮೆಯಾಗುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತೇವೆ. ಒಳಗೆ ಬೂಷ್ಟು ಆರಾಮಾಗಿ ಬೆಳೆಯುತ್ತಿರುತ್ತದೆ. ಬೂಷ್ಟಿಗೆ ಬೇಕಾದದ್ದು ನಟಮೈಸಿನ್‌ನಂಥ ಔಷಧಿ. ಅದನ್ನು ಶುರುವಿಗೆ ಗಂಟೆಗೊಮ್ಮೆ, ವಾರಗಟ್ಟಲೆ ಹಾಕಬೇಕು. ಹುಣ್ಣು ಯಾವುದರಿಂದ ಆಗಿದೆ ಅಂತ ಕೆರೆದು ನೋಡಿ ತಿಳಿಯುವುದು ಕಣ್ಣಿನ ಡಾಕ್ಟರಿಗೇ ಸಾಧ್ಯ.

ಬೇಗ ಹೋದರೆ ಎಷ್ಟು ಲಾಭ ಅನ್ನುವುದಕ್ಕೆ ಒಳ್ಳೆ ಉದಾಹರಣೆ ನೇಪಾಳದ ಭಕ್ತಪುರದ್ದು. ಅಲ್ಲಿ ಊರಿನ ಆರೋಗ್ಯ ಕಾರ್ಯಕರ್ತರಿಗೇ ಗೀರು ಗುರುತಿಸುವುದನ್ನು ಕಲಿಸಿ, ಮೂರು ದಿನ ಹಚ್ಚಲು ಆಂಟಿಬಯಾಟಿಕ್ ಮುಲಾಮು ಕೊಡಿಸಿದರು. 2001ರಲ್ಲಿ ಅದರ ಫಲ ಪ್ರಕಟವಾಯಿತು. ಪೆಟ್ಟಾದ 18 ಗಂಟೆಯೊಳಗೆ ಮುಲಾಮು ಶುರು ಮಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ.

ಹಾಗಾಗಿ ಕಡ್ಡಿ ತಗುಲಿದರೆ ಉಜ್ಜಬೇಡಿ. ಕುಡಿಯುವ ಶುದ್ಧ ನೀರಿನಿಂದ ತೊಳೆದು, ಅವತ್ತೇ ತಾಲ್ಲೂಕು ಆಸ್ಪತ್ರೆಗೆ ತೋರಿಸಿ. ಮೊದಲೇ ಏನಾದರೂ ಹಾಕಿದ್ದರೆ ಆ ಬಾಟಲಿಯನ್ನೂ ತೆಗೆದುಕೊಂಡು ಹೋಗಿ.

ತೋಟದ ಮಾಲೀಕರಾಗಿ ನಿಮ್ಮಲ್ಲಿ ಒಂದು ಕೇಳಿಕೆ. ಕೂಲಿಯವರು ತಡ ಮಾಡುವುದು ಬುದ್ಧಿಯಿಲ್ಲದೆ ಅಲ್ಲ. ಆಸ್ಪತ್ರೆಗೆ ಹೋದರೆ ಆ ದಿನದ ಸಂಬಳ ಹೋಗುತ್ತದೆ, ಬಸ್ಸಿಗೆ ಬೇರೆ ಖರ್ಚು. ಕಣ್ಣಿಗೆ ಪೆಟ್ಟಾದವರಿಗೆ ಅವತ್ತಿನ ಹಾಜರಿ ಹಾಕಿ, ಜೀಪಿನಲ್ಲಿ ಕಳಿಸಿಕೊಡಬೇಕು ಅಂತ ತೋಟದ ಲೆಕ್ಕ ನೋಡುವ ರೈಟರಿಗೆ ಇವತ್ತೇ ಹೇಳಿಬಿಡಿ. ಮರಗಸಿಗೆ ಹತ್ತುವವರಿಗೆ, ಚಿಗುರು ತೆಗೆಯುವವರಿಗೆ ಪಕ್ಕವೂ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ತರಿಸಿಕೊಡಿ. ಮಳೆಯಲ್ಲಿ ಮಂಜಾಗುತ್ತದೆ ಅಂತ ತೆಗೆದಿಡುತ್ತಾರೆ, ಅದು ನಿಜವಾದ ತೊಂದರೆಯೇ. ಗಾಳಿಯಾಡಲು ತೂತಿರುವುದನ್ನು ನೋಡಿ ತಂದರೆ ಹಾಕಿಕೊಳ್ಳುತ್ತಾರೆ.