ಹೊಸ ಹಾಡು ಯಾರ ಕಿವಿಗೆ ಬೀಳುತ್ತದೆ?

ಇವತ್ತು ಸ್ಪಾಟಿಫೈಗೆ ಹಾಡು ಹಾಕಲು ಯಾವ ಆಡಿಯೋ ಕಂಪನಿಯ ಬಾಗಿಲೂ ತಟ್ಟಬೇಕಿಲ್ಲ. ಸ್ವಲ್ಪ ದುಡ್ಡು ಕಟ್ಟಿದರೆ ವಿತರಕರು ಎಲ್ಲ ಆ್ಯಪ್‌ಗಳಿಗೂ ಮುಟ್ಟಿಸುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. 2023ರ ಹೊತ್ತಿಗೇ ಸ್ಟ್ರೀಮಿಂಗ್ ಸೇವೆಗಳಿಗೆ ದಿನಕ್ಕೆ ಸುಮಾರು 1 ಲಕ್ಷ ಹೊಸ ಟ್ರ್ಯಾಕ್ ಬಂದು ಬೀಳುತ್ತಿದ್ದವು.

ಮೊದಲು ಇದ್ದ ತಾಪತ್ರಯವೇ ಬೇರೆ. ಕಂಪನಿಯ ಬೆಂಬಲ ಇಲ್ಲದವರ ಸಿಡಿಯನ್ನು ಅಂಗಡಿಯವರು ಇಟ್ಟುಕೊಳ್ಳುತ್ತಿರಲಿಲ್ಲ. ಅಮೆರಿಕದ ಸಂಗೀತಗಾರ ಡೆರೆಕ್ ಸಿವರ್ಸ್ ತನ್ನ ಸಿಡಿ ಮಾರಲು ತಾನೇ ಒಂದು ವೆಬ್‌ಸೈಟ್ ಮಾಡಿದರು. 'ನಮ್ಮದನ್ನೂ ಮಾರಿಕೊಡಿ' ಎಂದು ಸ್ನೇಹಿತರು ಬಂದರು. 1998ರ ಸಿಡಿ ಬೇಬಿ ಹುಟ್ಟಿದ್ದು ಹಾಗೆ. ಎಂಪಿ3.ಕಾಮ್ ಎಂಬ ಇನ್ನೊಂದು ಸೈಟ್ ಯಾರು ಬೇಕಾದರೂ ಹಾಡು ಹಾಕಲು ಬಿಟ್ಟಿತು, ಕೇಳಿದ ಲೆಕ್ಕಕ್ಕೆ ದುಡ್ಡನ್ನೂ ಕೊಟ್ಟಿತು. 2003ರ ಕೊನೆಗೆ ಅದು ಮುಚ್ಚಿತು.

ಆಮೇಲೆ ಬಂದದ್ದು ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ. ಆರ್ಕ್ಟಿಕ್ ಮಂಕೀಸ್ ಎಂಬ ರಾಕ್ ತಂಡವನ್ನು ಗೆಲ್ಲಿಸಿದ್ದೇ ಅದು ಎಂದು ಪತ್ರಿಕೆಗಳು ಬರೆದವು. ನಡೆದದ್ದು ಸ್ವಲ್ಪ ಬೇರೆ. ಇಂಗ್ಲೆಂಡಿನ ಶೆಫೀಲ್ಡ್‌ನ ಈ ಹುಡುಗರು ಕಾರ್ಯಕ್ರಮಕ್ಕೆ ಬಂದವರಿಗೆ ಡೆಮೊ ಸಿಡಿಗಳನ್ನು ಪುಕ್ಕಟೆ ಹಂಚುತ್ತಿದ್ದರು. ಅಭಿಮಾನಿಗಳು ಅವನ್ನು ನೆಟ್‌ಗೆ ಹಾಕಿದರು. ಮೈಸ್ಪೇಸ್ ಪುಟ ತೆರೆದದ್ದೂ ಅಭಿಮಾನಿಗಳೇ! 2005ರ ಅಕ್ಟೋಬರ್‌ನಲ್ಲಿ ಅವರ ಹಾಡು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಅಂದರೆ ಹಾಡು ದಾಟಿಸಿದ್ದು ಜನ, ಸೈಟ್ ಜಾಗ ಕೊಟ್ಟಿತು ಅಷ್ಟೇ. ಆ ಜಾಗವಾದರೂ ಗಟ್ಟಿಯೇ? ಹಳೆಯ ಹಾಡುಗಳೆಲ್ಲ ಅಳಿಸಿಹೋಗಿವೆ ಎಂದು 2019ರಲ್ಲಿ ಮೈಸ್ಪೇಸ್ ಒಪ್ಪಿಕೊಂಡಿತು.

ನಮ್ಮ ರಘು ದೀಕ್ಷಿತ್ ಅವರನ್ನೂ ಕಂಪನಿಗಳು ವಾಪಸ್ ಕಳಿಸಿದ್ದವು. ಕೊನೆಗೆ ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಕೇಳಿ ಮೆಚ್ಚಿ, 2008ರಲ್ಲಿ ಮೊದಲ ಆಲ್ಬಂ ಹೊರತಂದಿತು. ಅಲ್ಲೂ ಆರಿಸಿದ್ದು ಮನುಷ್ಯರ ಕಿವಿಯೇ.

ಈಗ ಆರಿಸುವ ಕೆಲಸ ಬಹುಪಾಲು ಯಂತ್ರದ್ದು. ಸ್ಪಾಟಿಫೈ 2015ರಲ್ಲಿ ಡಿಸ್ಕವರ್ ವೀಕ್ಲಿ ತಂದಿತು. ಪ್ರತಿ ಸೋಮವಾರ 30 ಹಾಡು. ಮುಖ್ಯ ಲೆಕ್ಕಾಚಾರ ಸರಳ: ನಿಮ್ಮಂಥ ಅಭಿರುಚಿಯವರ ಪ್ಲೇಲಿಸ್ಟ್‌ಗಳಲ್ಲಿ ಇದ್ದು, ನೀವಿನ್ನೂ ಕೇಳದ ಹಾಡು ಯಾವುದು? ತೊಡಕು ಇಲ್ಲೇ ಇದೆ. ಯಾರ ಪ್ಲೇಲಿಸ್ಟಿನಲ್ಲೂ ಇಲ್ಲದ ಹಾಡು ಯಂತ್ರಕ್ಕೆ ಕಾಣುವುದೇ ಕಷ್ಟ. ಕನ್ನಡದಲ್ಲಂತೂ ಸಿನಿಮಾ ಹಾಡು ಕೇಳುವವರೇ ಜಾಸ್ತಿ. ಅವರ ಪಟ್ಟಿಯಲ್ಲಿ ಸಿನಿಮಾದ ಹೊರಗಿನ ಹಾಡು ಒಂದೂ ಇಲ್ಲದಿದ್ದರೆ ಯಂತ್ರ ತಾನೆ ಏನನ್ನು ಜೋಡಿಸೀತು?

2020ರಲ್ಲಿ ಸ್ಪಾಟಿಫೈನದೇ ಇನ್ನೊಂದು ಯೋಜನೆ ಬಂತು, ಡಿಸ್ಕವರಿ ಮೋಡ್. ನೀವು ಗುರುತು ಮಾಡಿದ ಹಾಡನ್ನು ಆ್ಯಪ್ ತಾನೇ ಹಾಡು ಆರಿಸಿ ಕೇಳಿಸುವ ರೇಡಿಯೊ, ಆಟೋಪ್ಲೇಗಳಲ್ಲಿ ಮುಂದೆ ತರುತ್ತೇವೆ, ಅಲ್ಲಿ ಬಂದ ರಾಯಲ್ಟಿಯಲ್ಲಿ ಶೇ. 30 ನಮಗೆ ಬಿಡಿ ಎಂಬ ಒಪ್ಪಂದ. ಕೈಯಿಂದ ದುಡ್ಡು ಕಟ್ಟಬೇಕಿಲ್ಲ, ನಿಜ. ಆದರೆ ಎಲ್ಲರೂ ಸೇರಿಕೊಂಡರೆ ಮುಂದೆ ಬರುವವರು ಯಾರು? ಕಡಿತ ಮಾತ್ರ ಎಲ್ಲರಿಗೂ. 2024ರಿಂದ ವರ್ಷದಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ ರಾಯಲ್ಟಿಯನ್ನೂ ಕೊಡುವುದಿಲ್ಲ. ಹೊಸಬರಿಗೆ ಬೀಳುವ ಪೆಟ್ಟೇ ಇದು.

ನನಗೆ ಮುಖ್ಯ ಅನಿಸುವುದು ಬೇರೆಯೇ ವಿಷಯ. ಸ್ಪಾಟಿಫೈನಲ್ಲಿ ಎಷ್ಟು ಜನ, ಯಾವ ಊರಿನವರು ಕೇಳಿದರು ಎಂದು ಕಲಾವಿದರಿಗೆ ಗೊತ್ತಾಗುತ್ತದೆ. ಯಾರು ಎಂದು ಗೊತ್ತಾಗುವುದಿಲ್ಲ. ಮುಂದಿನ ಹಾಡು ಬಂದಾಗ ಅವರಿಗೆ ತಿಳಿಸಲು ಮತ್ತೆ ಯಂತ್ರದ ದಯೆ ಬೇಕು. ಕಲಾವಿದರೇ ಹಾಡು ಮಾರುವ, 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಸೈಟ್‌ನಲ್ಲಿ ಹಾಗಲ್ಲ. ಹಾಡು ಕೊಂಡವರ ಇಮೇಲ್ ಕಲಾವಿದರ ಕೈಗೇ ಸಿಗುತ್ತದೆ. ಆ ಸೈಟನ್ನೂ 2022ರಲ್ಲಿ ವಿಡಿಯೊ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೊಂಡುಕೊಂಡಿತು, ಮರುವರ್ಷವೇ ಸಾಂಗ್‌ಟ್ರೇಡರ್ ಎಂಬ ಸಂಗೀತ ಕಂಪನಿಗೆ ಮಾರಿತು. ಆದರೆ ಮೊದಲೇ ಇಳಿಸಿಟ್ಟುಕೊಂಡ ಇಮೇಲ್ ಪಟ್ಟಿ ಆ ಮಾರಾಟದಲ್ಲಿ ಎಲ್ಲಿಗೂ ಹೋಗಲಿಲ್ಲ.